ವೈಫೈಗೊಬ್ಬ ನೀರುಗಂಟಿ ಬೇಕು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿರುವ ಗ್ರಂಥಾಲಯದ ಅಕ್ಕಂದಿರೇ, ಅಣ್ಣಂದಿರೇ, ಪಂಚಾಯಿತಿ ಕಂಪ್ಯೂಟರಿನ ಮುಂದೆ ಕೂರುವ ತಮ್ಮಂದಿರೇ, ತಂಗಿಯರೇ,

ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕುಗಳು. ಆದರೂ ಅಲ್ಲಿಯವರು ನಮ್ಮ ಜೊತೆಗೇ ಬಂದಿದ್ದಾರೆ. ಇದು ಅವರದೇ ಮನೆ. ನನಗಿಂತ ಮುಂಚೆ ಈ ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಹಿರಿಯರು ನಮ್ಮ ಈ ಸಮ್ಮೇಳನ ನಿಂತುಹೋಗದ ಹಾಗೆ ನೋಡಿಕೊಂಡರು, ಲೆಕ್ಕಪತ್ರ ಸರಿಯಾಗಿ ಇಟ್ಟರು. ಅವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ಅವರ ಹೆಸರುಗಳು ವರದಿ ಪುಸ್ತಿಕೆಯಲ್ಲಿವೆ, ದಯವಿಟ್ಟು ಓದಿಕೊಳ್ಳಿ.

ಪುಸ್ತಕ ಖರೀದಿ, ಗೌರವಧನ, ಸೋರುವ ಸೂರು, ಇವೆಲ್ಲ ಮಧ್ಯಾಹ್ನದ ಗೋಷ್ಠಿಗಳಲ್ಲಿ ಬರುತ್ತವೆ. ಅವನ್ನು ನಾನು ಮುಟ್ಟುವುದಿಲ್ಲ. ನಾನು ಮಾತಾಡುವುದು ಒಂದೇ ವಿಷಯ: ನಮ್ಮ ಪಂಚಾಯಿತಿ ಗೋಡೆಗಳ ಮೇಲೆ ಮೊಳೆ ಹೊಡೆದು ನಿಲ್ಲಿಸಿರುವ ಆ ಬಿಳಿ ಪೆಟ್ಟಿಗೆ. ಸರ್ಕಾರದ ದುಡ್ಡಿನ ವೈಫೈ. ಅದು ಬಂದ ದಿನ ನಾವೆಲ್ಲ ಕುಂಕುಮ ಹಚ್ಚಿ, ಕಾಯಿ ಒಡೆದೆವು. ಇವತ್ತು ಅದರ ಮೇಲೆ ಜೇಡ ಬಲೆ ಕಟ್ಟಿದೆ. ಯಾಕೆ ಹೀಗಾಯಿತು ಎಂದು ನನಗೆ ತಿಳಿದ ಮಟ್ಟಿಗೆ, ವರ್ಷಗಟ್ಟಲೆ ಆ ಪೆಟ್ಟಿಗೆಯ ಕೆಳಗೇ ಕೂತು ನೋಡಿದವಳಾಗಿ, ಹೇಳುತ್ತೇನೆ.

ತಂತಿಯಿಲ್ಲದ ಸಂಪರ್ಕ ಮೈಸೂರು ಸೀಮೆಗೆ ಹೊಸದಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ಕೇಂದ್ರ ತೆರೆದರು. 'ಆಕಾಶವಾಣಿ' ಎಂದು ಅವರು ಕರೆದದ್ದು ಆಮೇಲೆ ಇಡೀ ದೇಶದ ರೇಡಿಯೊಗೇ ಹೆಸರಾಯಿತು. ಆ ಕೇಂದ್ರ ಉಳಿದದ್ದು ಹೇಗೆ? ದಿನವೂ ಅದನ್ನು ಹಚ್ಚಿ, ಆರಿಸಿ, ಕೆಟ್ಟರೆ ರಿಪೇರಿ ಮಾಡಿಸುವ ಮನುಷ್ಯ ಮೊದಲೇ ಅಲ್ಲಿದ್ದರು. ಯಂತ್ರ ಅವರ ಹಿಂದೆ ಬಂತು. ಮುಂದೆ ಮೈಸೂರು ಸಂಸ್ಥಾನ ಅದನ್ನು ತನ್ನದಾಗಿ ವಹಿಸಿಕೊಂಡಿತು.

ವೈಫೈ ವಿಷಯದಲ್ಲಿ, ಮೊದಲು ಮನುಷ್ಯ ಆಮೇಲೆ ಯಂತ್ರ ಎಂಬ ಈ ಕ್ರಮ ತಲೆಕೆಳಗಾಯಿತು. 2004ರ ಸುಮಾರಿಗೆ ಒಂದು ಖಾಸಗಿ ಸಂಸ್ಥೆ ಮೈಸೂರಿಗೆ ವೈಫೈ ಕೊಟ್ಟಾಗ, ದೇಶದ ಮೊದಲ ವೈಫೈ ನಗರ ನಮ್ಮದು ಎಂಬ ಮಾತು ಎಲ್ಲೆಲ್ಲೂ ಹಬ್ಬಿತು. ಸುತ್ತಲ ಕೆಲವು ಹಳ್ಳಿಗಳಿಗೂ ಮುಟ್ಟುತ್ತದೆ ಎಂದರು. ಇಂದು ಮೈಸೂರಿನ ಹುಡುಗರನ್ನು ಕೇಳಿದರೆ ಆ ಸಂಸ್ಥೆಯ ಹೆಸರೂ ಗೊತ್ತಿಲ್ಲ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ 'ನಮ್ಮ ವೈಫೈ' ಶುರುವಾಯಿತು. ಅದೂ ಬಹಳ ಕಾಲ ನಡೆಯಲಿಲ್ಲ. 2016ರಿಂದ ರೈಲು ನಿಲ್ದಾಣಗಳಿಗೆ ಗೂಗಲ್ ಮತ್ತು ರೈಲ್‌ಟೆಲ್ ಸೇರಿ ಉಚಿತ ವೈಫೈ ತಂದವು. 2020ರಲ್ಲಿ ಗೂಗಲ್ ಕೈಬಿಟ್ಟಿತು, ರೈಲ್‌ಟೆಲ್ ತಾನೇ ನಡೆಸಿಕೊಂಡು ಹೋಯಿತು. ಆದರೆ ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಉಳಿದ ಮೂರಕ್ಕೆ ರೈಲೂ ಇಲ್ಲ, ಆ ವೈಫೈಯೂ ಇಲ್ಲ. ದೂರದ ಅಮೆರಿಕದ ಫಿಲಡೆಲ್ಫಿಯಾ ಇಡೀ ಊರಿಗೆ ವೈಫೈ ಹೊದಿಸಲು ಹೊರಟಿತ್ತು. 2008ರಲ್ಲಿ ಗುತ್ತಿಗೆ ಹಿಡಿದ ಕಂಪನಿ ಹಿಂದೆ ಸರಿಯಿತು. ಆದ್ದರಿಂದ ಹಳ್ಳಿಯವರಿಗೆ ಬಳಸಲು ಬರುವುದಿಲ್ಲ, ಅದಕ್ಕೇ ಕೆಟ್ಟಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದುಡ್ಡೂ ಇಂಜಿನಿಯರುಗಳೂ ಇರುವ ಊರುಗಳಲ್ಲೂ ಕೆಟ್ಟಿದೆ.

ಈಗ ನಮ್ಮ ಮನೆಯ ಕಥೆಗೆ ಬರೋಣ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ಹಣ ಬಂದದ್ದು ನಾವು ನೀವು ಫೋನಿಗೆ ಕಟ್ಟಿದ ಬಿಲ್ಲಿನಿಂದಲೇ: ಮೊಬೈಲ್ ಕಂಪನಿಗಳ ಆದಾಯದಲ್ಲಿ ಶೇ. 5ರಷ್ಟು ಹಳ್ಳಿಗಳ ಸಂಪರ್ಕಕ್ಕೆಂದು ಒಂದು ನಿಧಿಗೆ ಹೋಗುತ್ತದೆ. ಆ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎನ್ನುತ್ತಾರೆ. ಮೊದಲ ಹಂತದಲ್ಲೇ ಕರ್ನಾಟಕದ ಬಹುಪಾಲು ಪಂಚಾಯಿತಿಗಳಿಗೆ ಎಳೆ ಬಂತು, ಬೇರೆ ಹಲವು ರಾಜ್ಯಗಳಿಗಿಂತ ಮುಂಚೆ ಬಂತು. ಅದು ನಮಗೆ ಹೆಮ್ಮೆಯ ವಿಷಯವೇ. 2017ರಲ್ಲಿ ರಾಜ್ಯ ಸರ್ಕಾರವೂ ಗ್ರಾಮ ಪಂಚಾಯಿತಿಗಳಿಗೆ ವೈಫೈ ಕೊಡುವುದಾಗಿ ಸಾರಿತು. 2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಬಣ್ಣ ಬಂತು, ಕಂಪ್ಯೂಟರ್ ಬಂತು, 'ಅರಿವು ಕೇಂದ್ರ' ಎಂಬ ಒಳ್ಳೆಯ ಹೆಸರೂ ಬಂತು. ಹೀಗೆ ಪುಸ್ತಕ ಕಾಯುತ್ತಿದ್ದ ನಾವು ಪೆಟ್ಟಿಗೆ ಕಾಯುವವರೂ ಆದೆವು. ಆದರೆ ಆ ಪೆಟ್ಟಿಗೆ ನಮ್ಮ ಕೈಗೆ ಯಾವತ್ತೂ ಬರಲಿಲ್ಲ.

ನನ್ನ ಪಂಚಾಯಿತಿ ಬೆಟ್ಟದಪುರ, ರಾವಂದೂರುಗಳ ನಡುವಿನದು. 2020ರಲ್ಲಿ ಶಾಲೆ ಮುಚ್ಚಿದಾಗ ಒಬ್ಬ ಹುಡುಗ ತನ್ನ ತಂಗಿಯನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಮೂರು ಕಿಲೋಮೀಟರ್ ದೂರದಿಂದ ಬರುತ್ತಿದ್ದ. ಅಪ್ಪನ ಫೋನು ಅವನ ಜೇಬಿನಲ್ಲಿ. ಗ್ರಂಥಾಲಯದ ಬಾಗಿಲು ತೆರೆಯಲು ನನಗೆ ಅನುಮತಿ ಇರಲಿಲ್ಲ, ಜಗಲಿ ಮೇಲೆ ಅಂತರ ಬಿಟ್ಟು ಕೂರಿಸುತ್ತಿದ್ದೆ. ಎಂಟು ದಿನ ಪಾಠ ನಡೆಯಿತು. ಒಂಬತ್ತನೇ ದಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಆ ಕೆಂಪು ದೀಪ ಗೊತ್ತಲ್ಲ ನಿಮಗೆ? ಎಲ್‌ಓಎಸ್ ಎಂದು ಮೂರು ಅಕ್ಷರ ಬರೆದಿರುತ್ತದೆ. ಬೆಳಕು ಬರುತ್ತಿಲ್ಲ, ಎಳೆ ಎಲ್ಲೋ ತುಂಡಾಗಿದೆ ಎಂದರ್ಥ. ಅದನ್ನು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಹೇಳಿಕೊಟ್ಟವರು ಯಾರೂ ಇರಲಿಲ್ಲ.

ದೂರು ಕೊಟ್ಟೆ. ಒಂದು ನಂಬರು ಕೊಟ್ಟರು. ಮತ್ತೆ ಫೋನ್ ಮಾಡಿದರೆ ಇನ್ನೊಂದು ನಂಬರು. ಕೇಬಲ್ ಒಬ್ಬರದು, ಪೆಟ್ಟಿಗೆ ಇನ್ನೊಬ್ಬರದು, ಛಾವಣಿ ಮೇಲಿನ ವೈಫೈ ಕಂಬ ಮೂರನೆಯವರದು, ಕರೆಂಟು ಪಂಚಾಯಿತಿಯದು. ನಾಲ್ವರಲ್ಲಿ ಯಾರನ್ನು ಕೇಳಿದರೂ ಬಂದ ಉತ್ತರ ಎರಡೇ ಪದ: "ನಮ್ಮದಲ್ಲ, ಮೇಡಂ." ಕೊನೆಗೆ ನಾನು ನಮ್ಮ ಊರಿನ ನೀರುಗಂಟಿಯನ್ನು ಕರೆದೆ. "ಅಣ್ಣ, ಪೈಪ್ ಲೈನ್ ಎಲ್ಲೆಲ್ಲಿ ಅಗೆದರು ಅಂತ ನಿಂಗೆ ಗೊತ್ತು, ಬಾ" ಎಂದೆ. ಇಬ್ಬರೂ ರಸ್ತೆ ಪಕ್ಕದ ಚರಂಡಿ ಹಿಡಿದು ನಡೆದೆವು. ಮೋರಿಯ ಹತ್ತಿರ ಜೆಸಿಬಿ ಹಲ್ಲು ಕಚ್ಚಿ ಹರಿದ ಪೈಪು ಮಣ್ಣಿನಿಂದ ಇಣುಕುತ್ತಿತ್ತು. ನಿಯಮದ ಪ್ರಕಾರ ಆ ಕೇಬಲ್ 1.65 ಮೀಟರ್ ಆಳದಲ್ಲಿರಬೇಕು. ಮೊಳಕೈ ಉದ್ದ ಕೂಡ ಕೆಳಗಿರಲಿಲ್ಲ. ನೀರುಗಂಟಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ. ರಿಪೇರಿಯವರು ಬಂದಾಗ ಸುಗ್ಗಿ ಮುಗಿದಿತ್ತು. ಆ ಹುಡುಗ ಅಷ್ಟು ಹೊತ್ತಿಗೆ ಹೊಗೆಸೊಪ್ಪಿನ ಬ್ಯಾರನ್ ಕೆಲಸಕ್ಕೆ ಹೋಗುತ್ತಿದ್ದ. ತಂಗಿ ಶಾಲೆಗೆ ವಾಪಸ್ ಬಂದಳು, ಅವನು ಬರಲಿಲ್ಲ.

ಆ ಹುಡುಗನ ಲೆಕ್ಕ ಯಾವ ವರದಿಯಲ್ಲಿದೆ? ವರದಿಯಲ್ಲಿ ನಮ್ಮ ಪಂಚಾಯಿತಿ 'ಸಂಪರ್ಕ ಹೊಂದಿದ' ಪಂಚಾಯಿತಿ. ಒಂದು ದಿನ ದೀಪ ಹತ್ತಿದ್ದರೆ ಸಾಕು, ಕಡತದಲ್ಲಿ ಅದು ಎಂದೆಂದಿಗೂ ಹತ್ತಿದ ಹಾಗೇ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ನಮ್ಮಲ್ಲಿ ಹಾಕುವುದಕ್ಕೆ ದುಡ್ಡಿದೆ, ಉಳಿಸಿಕೊಳ್ಳುವುದಕ್ಕೆ ಇಲ್ಲ. ಗುತ್ತಿಗೆದಾರನಿಗೆ ಪೆಟ್ಟಿಗೆ ಕೂರಿಸಿದ ದಿನ ಬಿಲ್ಲು ಪಾಸಾಗುತ್ತದೆ. ಅದು ನಡೆದ ದಿನಗಳಿಗೆ ಯಾರಿಗೂ ಯಾರೂ ಬಿಲ್ಲು ಕೊಡುವುದಿಲ್ಲ.

ಊರಿಗೆ ನೀರು ಹೇಗೆ ಬರುತ್ತದೆ ನೋಡಿ. ಟ್ಯಾಂಕು ಕಟ್ಟುವುದು ಸರ್ಕಾರ, ಮೋಟಾರು ಕೊಡುವುದು ಸರ್ಕಾರ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ವಾಲ್ವ್ ತಿರುಗಿಸುವವನು ನೀರುಗಂಟಿ. ಪೈಪು ಒಡೆದರೆ ಸೈಕಲ್ ಟ್ಯೂಬ್ ಸುತ್ತಿ ಆ ಹೊತ್ತಿಗೆ ನಿಲ್ಲಿಸುತ್ತಾನೆ. ನೀರು ಬಾರದಿದ್ದರೆ ಇಡೀ ಬೀದಿ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂದು ಎಲ್ಲರಿಗೂ ಗೊತ್ತು. ಕೆ.ಆರ್. ನಗರದವರಿಗೆ ನಾನು ಇದನ್ನು ಹೇಳಬೇಕಿಲ್ಲ. ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳ ಕೆಳಗೆ ಭತ್ತ ಬೆಳೆದವರು ನೀವು. ಕಟ್ಟೆ ಎಷ್ಟೇ ಗಟ್ಟಿ ಇರಲಿ, ತೂಬು ತೆರೆಯುವ ಮನುಷ್ಯ ಇಲ್ಲದಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ನಮ್ಮ ವೈಫೈಗೆ ಕಟ್ಟೆ ಇದೆ, ನಾಲೆ ಇದೆ, ತೂಬಿದೆ. ನೀರುಗಂಟಿ ಇಲ್ಲ.

ಒಂದೊಂದು ತೊಂದರೆಯನ್ನೂ ಬಿಡಿಸಿ ನೋಡಿದರೆ ಇದೇ ಕೊರತೆ ಕಾಣುತ್ತದೆ.

ಕರೆಂಟು ತೆಗೆದುಕೊಳ್ಳಿ. ಫೈಬರ್ ಗಾಜಿನ ಎಳೆ, ಅದರ ಮೂಲಕ ಸಿಡಿಲು ಬರುವುದಿಲ್ಲ. ಬರುವುದು ಕರೆಂಟಿನ ತಂತಿಯ ದಾರಿಯಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಎಷ್ಟು ಪೆಟ್ಟಿಗೆ ಸುಟ್ಟಿವೆ ಎಂದು ನಿಮಗೆ ಗೊತ್ತು. ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು, ನೀರು ಹಾಕಿದ್ದರೆ ಅರ್ಧ ಉಳಿಯುತ್ತಿದ್ದವು. ಅದನ್ನು ಹಾಕುವುದು ಯಾರ ಕೆಲಸ? ಬ್ಯಾಟರಿಗೆ ನೀರು ಬಿಡುವುದು ಯಾರ ಕೆಲಸ? ತಮಿಳುನಾಡಿನ ತೇನಿ ಕಡೆ ಅರವಿಂದ್ ಕಣ್ಣಾಸ್ಪತ್ರೆಯವರು ಹಳ್ಳಿಯ ಕಣ್ಣಿನ ಕೇಂದ್ರಗಳಿಗೆ ದೂರದೂರದಿಂದ ವೈಫೈ ಹಾಯಿಸಿ, ವೈದ್ಯರು ರೋಗಿಯನ್ನು ಪರದೆ ಮೇಲೆ ನೋಡುವಂತೆ ಮಾಡಿದರು. ಅಲ್ಲಿ ಕೆಲಸ ಮಾಡಿದ ತಂತ್ರಜ್ಞರು ಕಂಡುಕೊಂಡ ಸತ್ಯ ಇದೇ: ರೇಡಿಯೊಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಏರಿಳಿಯುವ ಕರೆಂಟು. ಜಾಲ ಉಳಿದದ್ದು ಕೇಂದ್ರದಲ್ಲೇ ಇರುವ ಸಿಬ್ಬಂದಿಗೆ ಸಣ್ಣಪುಟ್ಟ ದುರಸ್ತಿ ಕಲಿಸಿದ್ದರಿಂದ.

ಹೊತ್ತು ತೆಗೆದುಕೊಳ್ಳಿ. ಪಂಚಾಯಿತಿ ಕಚೇರಿ ಸಂಜೆ ಐದೂವರೆಗೆ ಬೀಗ. ಹೋಗುವಾಗ ಬೆಂಕಿ ಅನಾಹುತ ಆಗದಿರಲಿ ಎಂದು ಮೇನ್ ಸ್ವಿಚ್ ಆರಿಸುತ್ತಾರೆ, ಅದು ಜವಾಬ್ದಾರಿಯ ಕೆಲಸವೇ. ಆದರೆ ಹೊಲದಿಂದ, ಕೂಲಿಯಿಂದ ಜನ ಬರುವುದು ಆರು ಗಂಟೆ ಮೇಲೆ. ಅವರು ಬರುವ ಹೊತ್ತಿಗೆ ವೈಫೈ ಮಲಗಿರುತ್ತದೆ.

ದೂರ ತೆಗೆದುಕೊಳ್ಳಿ. ಈ ವೈಫೈ ಬಯಲಿನಲ್ಲಿ ಹೆಚ್ಚೆಂದರೆ ನೂರು ಮೀಟರ್ ಮುಟ್ಟುತ್ತದೆ. ಮಳೆಯಲ್ಲಿ ನೆಂದ ಹುಣಸೆ ಮರವೊಂದು ಅಡ್ಡ ಬಂದರೆ ಅದೂ ಇಲ್ಲ. ನಮ್ಮ ಒಂದು ಪಂಚಾಯಿತಿಗೆ ಎಷ್ಟು ಊರು, ಎಷ್ಟು ಹಾಡಿ! ಡಿ.ಬಿ. ಕುಪ್ಪೆ ಪಂಚಾಯಿತಿಯ ಹಾಡಿಗಳು ಕಾಡಿನೊಳಗೆ ಚೆದುರಿವೆ. ಕಚೇರಿಯ ಸೂರಿನ ಮೇಲೆ ಒಂದು ಕಂಬ ನಿಲ್ಲಿಸಿ ಪಂಚಾಯಿತಿಗೆಲ್ಲ ವೈಫೈ ಕೊಟ್ಟೆವು ಎಂದರೆ ಕಚೇರಿ ಜಗಲಿಗೆ ಕೊಟ್ಟ ಹಾಗಾಯಿತು. ಇತ್ತ ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ಹುಲಿ ನೋಡಲು ಬಂದವರು ಕೂತಲ್ಲೇ ಫೋಟೊ ಕಳಿಸುತ್ತಾರೆ. ಜೇನುಕುರುಬರ ತಾಯಿ ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ಸಿಗ್ನಲ್ ಸಿಗುವ ದಿಬ್ಬ ಹುಡುಕುತ್ತಾಳೆ. ಉದ್ಯೋಗ ಖಾತ್ರಿ ಕೂಲಿಯ ಹಾಜರಿಯನ್ನು 2023ರ ಜನವರಿ 1ರಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಫೋಟೊ ತೆಗೆದೇ ಕೊಡಬೇಕೆಂದು ಕಡ್ಡಾಯ ಮಾಡಿದಾಗ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಬೆವರು ಸುರಿಸಿದವರು ಏನು ಮಾಡಬೇಕಿತ್ತು? ಸವಲತ್ತುಗಳೆಲ್ಲ ಇಂಟರ್ನೆಟ್ಟಿನ ಮೂಲಕವೇ ಬರಬೇಕೆಂದು ಸರ್ಕಾರ ತೀರ್ಮಾನಿಸಿದ ಮೇಲೆ, ಆ ಇಂಟರ್ನೆಟ್ ಊರಿನ ಕೊನೆಯ ಮನೆಗೆ ಮುಟ್ಟುವಂತೆ ಮಾಡುವುದೂ ಸರ್ಕಾರದ ಹೊಣೆ.

ಒಟಿಪಿಯ ಕಷ್ಟ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಸಾರ್ವಜನಿಕ ವೈಫೈ ಬಳಸುವವರ ಗುರುತು ಇರಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲಿ ಸೂಚನೆ ಕೊಟ್ಟಿತು. ಭದ್ರತೆಗೆ ಅದು ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಬಂದದ್ದು ಹೇಗೆ? ವೈಫೈ ತೆರೆಯಲು ಮೊಬೈಲಿಗೆ ಒಟಿಪಿ ಬರಬೇಕು, ಒಟಿಪಿ ಬರಲು ಮೊಬೈಲ್ ಸಿಗ್ನಲ್ ಇರಬೇಕು. ಸಿಗ್ನಲ್ ಇಲ್ಲದ ಕಾಡಂಚಿನ ಊರಿಗೆ ಎಂದೇ ವೈಫೈ ಕೊಟ್ಟು, ಅದರ ಬೀಗದ ಕೈಯನ್ನು ಸಿಗ್ನಲ್ ಇರುವ ಊರಿನಲ್ಲಿ ಬಿಟ್ಟು ಬಂದಂತಾಯಿತು. ಅದೇ ಸೂಚನೆಯಲ್ಲಿ ಇನ್ನೊಂದು ದಾರಿಯೂ ಇತ್ತು: ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡು ಪ್ರವೇಶ ಕೊಡಬಹುದು. ಆ ದಾರಿಯನ್ನು ನಮ್ಮಲ್ಲಿ ಯಾರೂ ಹಿಡಿಯಲಿಲ್ಲ, ಯಾಕೆಂದರೆ ಪ್ರತಿ ಇಟ್ಟುಕೊಳ್ಳಲು ಅಲ್ಲೊಬ್ಬ ಮನುಷ್ಯ ಬೇಕು. ಆ ಮನುಷ್ಯರು ನಾವು ಇದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ.

ಇನ್ನು ದುಡ್ಡು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಮೊಬೈಲ್ ಡೇಟಾ ಬೆಲೆ ಪಾತಾಳಕ್ಕೆ ಇಳಿಯಿತು. ಆದರೂ ಎಸ್‌ಟಿಡಿ ಬೂತಿನ ಮಾದರಿಯಲ್ಲಿ ಅಂಗಡಿಯವರೇ ವೈಫೈ ಮಾರಲಿ ಎಂದು 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಯೋಜನೆ ಬಂತು. ಮನೆ ಬಿದ್ದವರಿಗೆ ಸೂರು ಸಿಕ್ಕಂತೆ ನಾನೂ ಸಂತೋಷಪಟ್ಟೆ. 2018ರ ದೂರಸಂಪರ್ಕ ನೀತಿ 2022ರ ಹೊತ್ತಿಗೆ ದೇಶದಲ್ಲಿ ಒಂದು ಕೋಟಿ ಸಾರ್ವಜನಿಕ ವೈಫೈ ಕೇಂದ್ರಗಳ ಗುರಿ ಇಟ್ಟಿತ್ತು. 2024ರ ಕೊನೆಗೆ ಪಿಎಂ-ವಾಣಿಯಡಿ ಆಗಿದ್ದದ್ದು ಎರಡೂವರೆ ಲಕ್ಷದ ಆಸುಪಾಸು. ಯಾಕೆ? ಚಹಾ ಅಂಗಡಿಯವನು ಸಾಮಾನ್ಯ ಮನೆಯ ಕನೆಕ್ಷನ್ ತಂದು ಮಾರುವಂತಿರಲಿಲ್ಲ. ಅವನಿಗೆ ಕಂಪನಿಗಳು ಕೇಳುತ್ತಿದ್ದದ್ದು ದೊಡ್ಡ ಕಚೇರಿಗಳಿಗೆ ಕೊಡುವ ಲೈನಿನ ದರ. 2025ರ ಜೂನಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಒಂದು ಮಿತಿ ಹಾಕಿತು: 200 ಎಂಬಿಪಿಎಸ್‌ವರೆಗಿನ ಲೈನಿಗೆ ಮನೆ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದು. ಒಳ್ಳೆಯ ಆದೇಶ. ನಾಲ್ಕೂವರೆ ವರ್ಷ ತಡವಾಗಿ ಬಂತು, ಅಷ್ಟರಲ್ಲಿ ಹಚ್ಚಿದವರು ಎಷ್ಟೋ ಜನ ಆರಿಸಿಬಿಟ್ಟಿದ್ದರು.

ಪಂಚಾಯಿತಿಯ ಕಷ್ಟವೂ ನನಗೆ ಗೊತ್ತು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟುಪಾಡು ಇತ್ತು. ಉಳಿದ 40ರಲ್ಲಿ ರಸ್ತೆ, ಚರಂಡಿ, ಬೀದಿದೀಪ. ಸೆಸ್ಕ್‌ನ ಕರೆಂಟು ಬಿಲ್ಲೇ ಬಾಕಿ ಇರುವಾಗ ವೈಫೈ ಬ್ಯಾಟರಿಗೆ ಹಣ ಕೇಳಲು ನನಗೇ ಬಾಯಿ ಬರುತ್ತಿರಲಿಲ್ಲ.

ಇಲ್ಲಿ ಒಂದು ಹಳೆಯ ಮಾತನ್ನು ಎತ್ತಲೇಬೇಕು. ಎತ್ತಬೇಡಿ ಎಂದು ನಿನ್ನೆ ರಾತ್ರಿ ಇಬ್ಬರು ಹಿರಿಯರು ಫೋನ್ ಮಾಡಿದ್ದರು; ಅವರ ಮೇಲಿನ ಗೌರವ ಕಡಿಮೆಯಾಗಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಸಮ್ಮೇಳನ ಕೆ.ಆರ್. ನಗರದಲ್ಲಿ ನಡೆದಾಗ 'ಪ್ರತಿ ಪಂಚಾಯಿತಿಗೂ ಇನ್ನೈದು ಉಚಿತ ವೈಫೈ ಕಂಬ ಬೇಕು' ಎಂಬ ನಿರ್ಣಯ ಬಂತು. ನಾನು ತಿದ್ದುಪಡಿ ತಂದೆ: ಹೊಸದು ಬೇಡ, ಇರುವುದನ್ನು ನಡೆಸಲು ಹಣ ಮತ್ತು ಮನುಷ್ಯ ಕೊಡಿ, ಬಳಸುವವರಿಂದ ಸಣ್ಣ ಶುಲ್ಕ ಪಡೆಯಲು ಬಿಡಿ. ಬಡವರಿಂದ ದುಡ್ಡು ಕೀಳುವವಳು ಎಂದರು. ಸರ್ಕಾರದ ಪರ ಮಾತಾಡುತ್ತಾಳೆ ಎಂದರು. ನಾನು ಮಾತು ಮುಗಿಸುವ ಮುಂಚೆ ಮೈಕ್ ತೆಗೆದುಕೊಂಡರು, ನನ್ನ ತಿದ್ದುಪಡಿ ನಡಾವಳಿ ಪುಸ್ತಕಕ್ಕೂ ಏರಲಿಲ್ಲ. ಆ ದಿನ ಬಸ್ಸಿನಲ್ಲಿ ಪಿರಿಯಾಪಟ್ಟಣದವರೆಗೂ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಇಂದು ಈ ಕುರ್ಚಿಯಿಂದ ಆ ತಿದ್ದುಪಡಿಯನ್ನು ಮತ್ತೆ ಮಂಡಿಸುತ್ತಿದ್ದೇನೆ. ಈ ಸಲ ಅದು ನಡಾವಳಿಯಲ್ಲಿ ದಾಖಲಾಗಬೇಕು.

ಶುಲ್ಕದ ಬಗ್ಗೆ ನನ್ನ ಮನಸ್ಸು ಇನ್ನೂ ಬದಲಾಗಿಲ್ಲ. ವಿದ್ಯಾರ್ಥಿಗಳಿಗೆ, ಹಾಡಿಯವರಿಗೆ, ಪಿಂಚಣಿ ಅರ್ಜಿಗೆ ಬಂದ ಮುದುಕರಿಗೆ ಪೂರ್ತಿ ಉಚಿತ ಇರಲಿ. ಸಿನಿಮಾ ಇಳಿಸಿಕೊಳ್ಳುವ ಯುವಕ ತಿಂಗಳಿಗೆ ಒಂದು ಚಹಾದ ಕಾಸು ಕೊಡಲಿ. ಕಾಸು ಕೊಟ್ಟವನು ದೀಪ ಕೆಂಪಾದ ದಿನ ಬಂದು ಬೈಯುತ್ತಾನೆ. ಬೈಯುವವರಿಲ್ಲದೆಯೇ ನಮ್ಮ ಪೆಟ್ಟಿಗೆಗಳು ಸತ್ತವು. ಹುಣಸೂರಿನ ಕೆಲವು ಗೆಳೆಯರಿಗೆ ಇದು ಒಪ್ಪಿಗೆಯಿಲ್ಲ ಎಂದು ಗೊತ್ತು; ಮಧ್ಯಾಹ್ನ ಚರ್ಚಿಸೋಣ, ಈ ಸಲ ಎಲ್ಲರಿಗೂ ಮೈಕ್ ಸಿಗುತ್ತದೆ.

ಈಗ ಏನು ಮಾಡಬೇಕು ಎಂಬ ಮಾತು.

ಮೊದಲು, ಐದು ಪಂಚಾಯಿತಿಗೆ ಒಬ್ಬರಂತೆ ಜಾಲದ ನೀರುಗಂಟಿ. ಐಟಿಐ ಓದಿದ ಊರಿನ ಹುಡುಗ, ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಫೈಬರ್ ಬೆಸೆಯುವ ಯಂತ್ರ ತಾಲ್ಲೂಕು ಪಂಚಾಯಿತಿಯಲ್ಲಿ ಒಂದಿರಲಿ, ಅದನ್ನು ಬಳಸಲು ಕಲಿಸಿ. ಅವರಿಗೆ ಸಂಬಳದ ಒಂದು ಭಾಗ ಹಸಿರು ದೀಪದ ದಿನಗಳ ಲೆಕ್ಕದಲ್ಲಿ ಸಿಗಲಿ. ಈ ಹಣ ಎಲ್ಲಿಂದ ಎಂದು ಕೇಳುತ್ತೀರಿ. ಆಸ್ತಿ ತೆರಿಗೆಯ ಜೊತೆ ನಾವು ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯ್ದೆ ಕೊಟ್ಟ ದಾರಿ ಅದು. ಗ್ರಂಥಾಲಯವೇ ವೈಫೈ ಕೇಂದ್ರ ಆದ ಮೇಲೆ ಆ ಕರದ ಒಂದು ಪಾಲು ಅದರ ನಿರ್ವಹಣೆಗೆ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಎರಡನೆಯದು ಬಿಲ್ಲಿನದು. ಮುಂದೆ ಯಾವ ಗುತ್ತಿಗೆ ಆದರೂ ಅರ್ಧ ಹಣ ಕೂರಿಸಿದ ದಿನ, ಉಳಿದ ಅರ್ಧ ಐದು ವರ್ಷಕ್ಕೆ ಹಂಚಿ, ನಡೆದ ತಿಂಗಳುಗಳಿಗೆ ಮಾತ್ರ. ನಡೆಯಿತೋ ಇಲ್ಲವೋ ಎಂದು ಸಹಿ ಹಾಕುವವರು ನಾವಾಗಬೇಕು, ಮೈಸೂರಿನ ಕಚೇರಿಯಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ತಿದ್ದುಪಡಿಯಾದ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿ ಇಟ್ಟಿದ್ದಾರೆ, ಹತ್ತು ವರ್ಷದ ನಿರ್ವಹಣೆಯೂ ಅದರಲ್ಲಿ ಸೇರಿದೆ. ಒಂದೇ ಎಳೆಯ ಬದಲು ಬಳೆಯಂತೆ ಸುತ್ತು ಹಾಕಿ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಹರಿಯುವಂತೆ ಮಾಡುತ್ತಾರೆ. ಹಿಂದಿನ ಕೊರತೆಯನ್ನು ಅವರೇ ಒಪ್ಪಿಕೊಂಡ ಹಾಗಾಯಿತು, ನನಗೆ ಅದರಿಂದ ಧೈರ್ಯ ಬಂದಿದೆ. ಆದರೆ ಬಳೆಯೂ ಎರಡು ಕಡೆ ಒಡೆಯಬಹುದು. ಮೈಸೂರು–ಕುಶಾಲನಗರ ಹೆದ್ದಾರಿಯ ಕೆಲಸ, ಮನೆ ಮನೆಗೆ ನಲ್ಲಿಯ ಅಗೆತ ಮುಗಿಯುವ ಲಕ್ಷಣವಿಲ್ಲ. ಅಗೆಯುವ ಮುಂಚೆ ತಿಳಿಸಬೇಕೆಂದು 2023ರ ಮಾರ್ಚಿನಲ್ಲಿ ಒಂದು ಆ್ಯಪ್ ಬಂದಿದೆ. ನಮ್ಮ ಜೆಸಿಬಿ ಚಾಲಕರಲ್ಲಿ ಯಾರ ಫೋನಿನಲ್ಲಿದೆ, ಕೇಳಿ ನೋಡಿ. ಪಂಚಾಯಿತಿ ಅಗೆಯಲು ಅನುಮತಿ ಕೊಡುವ ಕಾಗದದಲ್ಲೇ ಜಾಲದ ನೀರುಗಂಟಿಯ ಸಹಿ ಬೇಕು ಎಂದರೆ ಸಾಕು.

ಸಣ್ಣ ಕೆಲಸಗಳಿಗೆ ಯಾವ ಆದೇಶವೂ ಬೇಕಿಲ್ಲ. ವೈಫೈ ಪೆಟ್ಟಿಗೆಗೆ ಮೇನ್ ಸ್ವಿಚ್ಚಿಗಿಂತ ಮುಂಚೆಯೇ ಬೇರೆ ಸ್ವಿಚ್, ಬೇರೆ ಫ್ಯೂಸ್. ಹೊಸ ಅರ್ತಿಂಗ್. ಗ್ರಂಥಾಲಯದ ಸದಸ್ಯತ್ವ ಸಂಖ್ಯೆಯೇ ವೈಫೈ ಬೀಗದ ಕೈ ಆಗಲಿ. ಸದಸ್ಯತ್ವ ಕೊಡುವಾಗ ಗುರುತಿನ ಚೀಟಿಯ ಪ್ರತಿ ಹೇಗೂ ಇಟ್ಟುಕೊಳ್ಳುತ್ತೇವೆ.

ಕಾಡಿನೊಳಗಿನ ಹಾಡಿಗಳಿಗೆ ತಂತಿ ಒಯ್ಯಲು ಅರಣ್ಯದ ಅಡ್ಡಿ ಎನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಓದಿ. ಶಾಲೆ, ಅಂಗನವಾಡಿಗಳ ಜೊತೆ ವಿದ್ಯುತ್ ಮತ್ತು ದೂರಸಂಪರ್ಕದ ತಂತಿಗೂ ಅದರಲ್ಲಿ ಜಾಗವಿದೆ. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಮೀನು, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಗ್ರಾಮಸಭೆ ಕರೆಯುವುದು ನಮ್ಮ ಕೈಯಲ್ಲಿದೆ. ಎಚ್.ಡಿ. ಕೋಟೆ, ಸರಗೂರಿನ ಗೆಳೆಯರು ಮೊದಲ ಅರ್ಜಿ ಬರೆಯಲಿ, ಉಳಿದವರು ಸಹಾಯಕ್ಕೆ ಬರುತ್ತೇವೆ. ಊರಿನವರೇ ಸಂಪರ್ಕ ನಡೆಸುವುದು ಸರಗೂರಿನವರಿಗೆ ಹೊಸ ವಿದ್ಯೆ ಅಲ್ಲ. ವಿವೇಕಾನಂದ ಯೂತ್ ಮೂವ್‌ಮೆಂಟಿನ 'ಜನಧ್ವನಿ' ಸಮುದಾಯ ಬಾನುಲಿ ಅಲ್ಲಿಂದಲೇ 90.8ರಲ್ಲಿ ಮಾತಾಡುತ್ತದೆ, ಊರಿನ ಜನವೇ ಅದರ ಮುಂದೆ ಕೂರುತ್ತಾರೆ.

ಕೊನೆಗೆ ನನ್ನದೊಂದು ಆಸೆ. ಇದಕ್ಕೆ ಅಂದಾಜು ಪಟ್ಟಿ ಇಲ್ಲ, ನಕ್ಷೆ ಇಲ್ಲ. ಬೆಟ್ಟದಪುರದ ಬೆಟ್ಟದ ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ ಇದೆ. ಚಿಕ್ಕಂದಿನಿಂದ ನಾನು ಅಲ್ಲಿ ನಿಂತು ನೋಡಿದ್ದೇನೆ, ಮೋಡವಿಲ್ಲದ ದಿನ ಸುತ್ತಲ ಹೊಲ, ಕೆರೆ, ಊರುಗಳೆಲ್ಲ ಕಾಲ ಕೆಳಗೆ ಹಾಸಿದಂತೆ ಕಾಣುತ್ತವೆ. ದೇವರಿಗೆ ಅಡ್ಡಿಯಾಗದ ಜಾಗದಲ್ಲಿ ಒಂದು ಸಣ್ಣ ಕಂಬ ನಿಲ್ಲಿಸಿ, ತೇನಿಯವರು ಮಾಡಿದಂತೆ ಅಲ್ಲಿಂದ ಶಾಲೆ ಶಾಲೆಗೆ, ಗ್ರಂಥಾಲಯ ಗ್ರಂಥಾಲಯಕ್ಕೆ ರೇಡಿಯೊ ಹಾಯಿಸಬೇಕು. ನೆಲದ ಎಳೆ ತುಂಡಾದ ದಿನ ಅದು ಕೈ ಹಿಡಿಯಬೇಕು. 5 ಗಿಗಾಹರ್ಟ್ಸ್ ತರಂಗದ ಬಹುಭಾಗಕ್ಕೆ 2018ರಿಂದ ಲೈಸೆನ್ಸ್ ಕೂಡ ಬೇಕಿಲ್ಲ. ಸಿಡಿಲಿನ ಹೆಸರಿನ ದೇವರ ಬೆಟ್ಟದಲ್ಲಿ ಸಿಡಿಲು ತಡೆಯುವ ವ್ಯವಸ್ಥೆಗೇ ಬಹಳ ಖರ್ಚಾಗುತ್ತದೆ ಎಂದು ಗೊತ್ತಿದೆ. ನನ್ನ ಸೇವಾವಧಿಯಲ್ಲಿ ಆಗದಿರಬಹುದು. ಆದರೂ ಕೇಳಿದ್ದೇನೆ ಎಂದು ಬರೆದಿಡಿ.

ನಿಮ್ಮ ಕುರ್ಚಿಗಳ ಮೇಲೆ ಒಂದೊಂದು ಹಳದಿ ಹಾಳೆ ಇಟ್ಟಿದ್ದೇವೆ. ನಿಮ್ಮ ಪಂಚಾಯಿತಿಯ ಹೆಸರು, ಪೆಟ್ಟಿಗೆ ಬಂದ ದಿನ, ಹಸಿರು ದೀಪ ಕೊನೆಯ ಸಲ ಕಂಡ ದಿನ, ಆಮೇಲೆ ಯಾರು ಯಾರಿಗೆ ಫೋನ್ ಮಾಡಿದಿರಿ, ಅವರು ಏನೆಂದರು, ಇಷ್ಟೇ ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆಯಿರಿ. ಊಟಕ್ಕೆ ಏಳುವ ಮುಂಚೆ ಬಾಗಿಲ ಬಳಿಯ ಮೇಜಿನ ಮೇಲೆ ಕೊಟ್ಟು ಹೋಗಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಆರು ಜನ ಆ ಹಾಳೆಗಳ ಕಟ್ಟು ಹೊತ್ತು ಮೈಸೂರಿನ ಜಿಲ್ಲಾ ಪಂಚಾಯಿತಿಗೆ ಹೋಗುತ್ತಿದ್ದೇವೆ. ಬರುವವರು ಹಿಂದಿನ ಸಾಲಿನಲ್ಲಿ ಕೂತಿರುವ ನಮ್ಮ ಕಾರ್ಯದರ್ಶಿಗೆ ಹೆಸರು ಕೊಡಿ.